ವಿಮಾನದ ಎರಡನೇ ಮುಳ್ಳು

ಕಬಕದಲ್ಲಿ ವಿಟ್ಲದ ಬಸ್ಸು ಮೈ ತಿರುಗಿಸುವ ಜಾಗದ ಎದುರಿಗೆ ಗಿರಿಧರನ ಅಂಗಡಿ. ಅಡಿಕೆಗೆ ಮದ್ದು ಬಿಡುವ ಪಂಪು, ಪಂಪಿನ ಗೇಜು, ಡ್ರಿಪ್ಪಿನ ಪೈಪು, ಮೈಲುತುತ್ತಿನ ಚೀಲ, ಇವುಗಳ ನಡುವೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಗಿರಿಧರ. ಹೊರಗೆ ಬೋರ್ಡಿನಲ್ಲಿ ‘ಮಾರಾಟ ಮತ್ತು ದುರಸ್ತಿ’ ಎಂದಿದೆ. ಮಾರಾಟದಲ್ಲಿ ಅವನಿಗೆ ಅಷ್ಟೇನೂ ಆಸಕ್ತಿಯಿಲ್ಲ. ಪ್ರಪಂಚದ ದುರಸ್ತಿಯಲ್ಲಿ ಮಾತ್ರ ಬಹಳ ಆಸಕ್ತಿ.

ಐವತ್ತೈದು ದಾಟಿದ ಈ ಮನುಷ್ಯನಿಗೆ ಊರು ಇಟ್ಟ ಹೆಸರು ಕರೆಕ್ಟ್ ಗಿರಿಧರ. ನರಿಮೊಗರಿನ ಒಂದು ಮದುವೆಯಲ್ಲಿ, ಪಂಚಾಂಗದ ಲಗ್ನಕ್ಕೆ ಇನ್ನೂ ಎರಡು ನಿಮಿಷ ಉಂಟೆಂದು ಧಾರೆಯ ಚೆಂಬನ್ನು ಗಾಳಿಯಲ್ಲೇ ನಿಲ್ಲಿಸಿದ ಕೀರ್ತಿ ಅವನದು. ಆ ಎರಡು ನಿಮಿಷವೂ ಪುರೋಹಿತರು ಅವನ ಮುಖವನ್ನೇ ನೋಡುತ್ತಾ ನಿಂತಿದ್ದರಂತೆ. ಬ್ಯಾಂಕಿನ ಗೋಡೆ ಗಡಿಯಾರ ಮುಂದಿದೆಯೆಂದು ಮ್ಯಾನೇಜರನಿಗೆ ಹೇಳಿ, ಹಿಂದಕ್ಕಿಡುವವರೆಗೆ ಕೌಂಟರ್ ಬಿಟ್ಟು ಹೋಗದವನೂ ಅವನೇ. ಹೆಂಡತಿ ಪರಮೇಶ್ವರಿ ಶಾಲೆಯಲ್ಲಿ ಟೀಚರು. ಮನೆಯಲ್ಲಿ ಉಪ್ಪು ಹಾಕುವಾಗ ಗಂಡ ಹತ್ತಿರ ಇಲ್ಲವೆಂದು ಖಾತ್ರಿಮಾಡಿಕೊಂಡೇ ಹಾಕುತ್ತಾಳೆ. ಇಂಥವನನ್ನು ಜನ ದೂರ ಇಡಬೇಕಿತ್ತು, ಇಡಲಿಲ್ಲ. ಯಾಕೆಂದರೆ ಗಿರಿಧರ ಸರಿ ಎಂದರೆ ಅದು ಸರಿಯೇ ಇರುತ್ತಿತ್ತು. ಅವನ ಆಸ್ತಿ ಅದೊಂದೇ. ತೋಟ ಅಣ್ಣನ ಪಾಲಿಗೆ ಹೋಗಿತ್ತು, ಅಂಗಡಿಯ ಕಟ್ಟಡ ಬಾಡಿಗೆಯದು. ಸ್ವಂತದ್ದೆಂದರೆ ಈ ಮಾತಿನ ತೂಕ.

ಈ ತೂಕಕ್ಕೆ ರೆಕ್ಕೆ ಕಟ್ಟಿದವನು ಕೃಷ್ಣಮೋಹನ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಪರೀಕ್ಷೆಯಲ್ಲಿ ಕೃಷ್ಣಮೋಹನ ಗಿರಿಧರನ ಉತ್ತರವನ್ನು ಕಣ್ಣು ಮುಚ್ಚಿ ನಂಬುತ್ತಿದ್ದ, ಕಣ್ಣು ತೆರೆದು ಬರೆಯುತ್ತಿದ್ದ. ಮುಂದೆ ಕಡಬದ ಕಡೆ ರಬ್ಬರ್ ತೋಟ ಮಾಡಿಕೊಂಡು, ಬದುಕು ರಬ್ಬರಿನ ಹಾಗೆ ಎಳೆದಷ್ಟೂ ಬರತೊಡಗಿದ ಮೇಲೆ, ಮೈಸೂರಿನ ಕಡೆ ಹೋಗಿ ವಿಮಾನ ಹಾರಿಸಲು ಕಲಿತು ಬಂದ. ಆಮೇಲೆ ಒಂದು ಹಳೆಯ ಪುಟ್ಟ ವಿಮಾನವನ್ನೂ ತಂದ. ಇಬ್ಬರು ಅಕ್ಕಪಕ್ಕ ಕೂರಬಹುದಾದ, ಬಟ್ಟೆಯ ರೆಕ್ಕೆಯ ಆ ಯಂತ್ರವನ್ನು ನೋಡಿದರೆ ಸ್ಕೂಟರು ಕೊಡೆಯನ್ನು ಮದುವೆಯಾದಂತೆ ಕಾಣುತ್ತಿತ್ತು. ಅದನ್ನು ಇಳಿಸಲು ಏರಿಸಲು ಸಿಕ್ಕಿದ ಜಾಗ ಜತ್ತಪ್ಪರ ಪದವು, ಅಂದರೆ ಗುಡ್ಡದ ನೆತ್ತಿಯ ಸಮತಟ್ಟು: ಸುತ್ತ ಗೇರು ಗಿಡ, ನಡುವೆ ಮುರಕಲ್ಲಿನ ಬೋಳು ಬಯಲು. ಜತ್ತಪ್ಪ ಅರಂತೋಡಿನ ಕಡೆಯ ಗೌಡರು. ಕಡಬದಲ್ಲಿ ಗೇರು ಮಾಡಿಕೊಂಡಿದ್ದರು. ಬಯಲಿನ ಒಂದು ತುದಿಯಲ್ಲಿ ತಗಡಿನ ಶೆಡ್ಡು ಕಟ್ಟಿಸಿ, ಇಂಜಿನ್ ನೋಡಿಕೊಳ್ಳಲು ಕಬಕದ ಮೆಕ್ಯಾನಿಕ್ ನಿಝಾಮನನ್ನು ಗೊತ್ತುಮಾಡಿದ್ದಾಯಿತು. ಹಾರುವುದು ಕೃಷ್ಣಮೋಹನ. ಮುಳ್ಳು ಸರಿ ಇದೆಯೆಂದು ಹೇಳುವುದು ಗಿರಿಧರ.

ಮುಳ್ಳೆಂದರೆ ವೇಗದ ಮುಳ್ಳು. ವಿಮಾನದ ರೆಕ್ಕೆಯ ಕೆಳಗೆ ಸಪೂರದ ಒಂದು ಕೊಳವೆ ಮೂತಿ ಚಾಚಿಕೊಂಡಿರುತ್ತದೆ. ಎದುರಿನ ಗಾಳಿ ಅದರೊಳಗೆ ನುಗ್ಗಿ ಒತ್ತುತ್ತದೆ. ಆ ಒತ್ತಡವನ್ನು ಡಯಲಿನ ಮುಳ್ಳು ವೇಗವೆಂದು ಓದಿ ಹೇಳುತ್ತದೆ. ಕಾರಿನ ಮುಳ್ಳು ಸುಳ್ಳು ಹೇಳಿದರೆ ಪೊಲೀಸರಿಗೆ ಲಾಭ. ವಿಮಾನದ್ದು ಹೇಳಿದರೆ ಯಾರಿಗೂ ಲಾಭವಿಲ್ಲ. ಒಂದು ಮಿತಿಗಿಂತ ನಿಧಾನವಾದರೆ ರೆಕ್ಕೆಗಳು ಕೈಚೆಲ್ಲುತ್ತವೆ, ವಿಮಾನ ತೆಂಗಿನಕಾಯಿಯಾಗುತ್ತದೆ. ಬೇಕಾದ್ದಕ್ಕಿಂತ ಜೋರಾಗಿದ್ದರೆ ಇಳಿಯಲು ಒಪ್ಪುವುದಿಲ್ಲ. ‘ಬರ್ತೇನೆ’ ಎಂದು ಎದ್ದು ನಿಂತ ಮೇಲೂ ಬಾಗಿಲಲ್ಲಿ ಮಾತಾಡುತ್ತಿರುವ ನೆಂಟನ ಹಾಗೆ ನೆಲದ ಮೇಲೆ ತೇಲುತ್ತಲೇ ಇರುತ್ತದೆ, ಅಷ್ಟರಲ್ಲಿ ಬಯಲು ಮುಗಿಯುತ್ತದೆ. ಈ ವೇಗವನ್ನು ವಿಮಾನದವರು ನಾಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಾಟ್ ಎಂದರೆ ಗಂಟು. ಗಂಟಿನ ಲೆಕ್ಕ ತಪ್ಪಿದರೆ ಗಂಟಲಿಗೆ ಬರುತ್ತದೆ.

ಇದನ್ನು ಪರೀಕ್ಷೆ ಮಾಡಲು ಗಿರಿಧರ ಬಳಸುತ್ತಿದ್ದುದು ಮೇಸ್ತ್ರಿಗಳು ಗೋಡೆಯ ಮಟ್ಟ ನೋಡುವ ಪಾರದರ್ಶಕ ಪೈಪು. ಅದನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸಿ ಹಲಗೆಗೆ ಹೊಡೆದು, ಪಕ್ಕದಲ್ಲಿ ಸ್ಕೇಲು ಅಂಟಿಸಿ, ಒಳಗೆ ನೀರು ತುಂಬಿಸುತ್ತಿದ್ದ. ಒಂದು ತುದಿಗೆ ಡಯಲನ್ನೂ ಇಂಜೆಕ್ಷನಿನ ಸಿರಿಂಜನ್ನೂ ಒಟ್ಟಿಗೆ ಜೋಡಿಸಿ ಮೆಲ್ಲನೆ ಗಾಳಿ ಒತ್ತಿದರೆ, ಅದೇ ಒತ್ತಡ ಮುಳ್ಳನ್ನೂ ತಿರುಗಿಸುತ್ತದೆ, ನೀರನ್ನೂ ಏರಿಸುತ್ತದೆ. ಎರಡು ಬದಿಯ ನೀರಿನ ಮಟ್ಟದಲ್ಲಿ ಆರು ಸೆಂಟಿಮೀಟರ್ ವ್ಯತ್ಯಾಸ ಬಂದಾಗ ಮುಳ್ಳು ಅರುವತ್ತು ನಾಟಿನಲ್ಲಿ ನಿಂತಿರಬೇಕು. ನಿಲ್ಲದಿದ್ದರೆ ಹಿಂದಿನ ಸ್ಕ್ರೂ ತಿರುಗಿಸಿ ನಿಲ್ಲಿಸಬೇಕು. ನೀರಿಗೆ ದಾಕ್ಷಿಣ್ಯವಿಲ್ಲ, ಹಾಗಾಗಿ ಅದು ಸುಳ್ಳು ಹೇಳುವುದಿಲ್ಲ ಎಂಬುದು ಗಿರಿಧರನ ಸಿದ್ಧಾಂತ.

ಪ್ರತಿವರ್ಷ ಮಳೆ ಬಿಟ್ಟ ಮೇಲೆ ಡಯಲು ಕಬಕಕ್ಕೆ ಬರುತ್ತಿತ್ತು, ಪರೀಕ್ಷೆಯಾಗಿ ಪದವಿಗೆ ಹೋಗುತ್ತಿತ್ತು. ಗಿರಿಧರನಿಗೆ ಮಾತ್ರ ವಿಮಾನ ಹತ್ತುವ ಯೋಗ ಇರಲಿಲ್ಲ. ಸುಳ್ಯದಿಂದ ಮಡಿಕೇರಿಯ ಬಸ್ಸು ಹತ್ತಿದರೆ ಅರಂತೋಡು ದಾಟುವ ಮೊದಲೇ ಕಿಟಕಿ ಕೇಳುವ ಹೊಟ್ಟೆ ಅವನದು. ಪದವಿನ ಅಂಚಿನಲ್ಲಿ ನಿಂತು ಮೇಲೆ ನೋಡುತ್ತಿದ್ದ. ಮೇಲಿರುವವನು ತನ್ನ ಮಾತಿನ ಮೇಲೆ ಕೂತಿದ್ದಾನೆ ಎಂಬ ಯೋಚನೆಯೇ ಅವನಿಗೆ ಸಾಕಾಗುತ್ತಿತ್ತು.

ಕಳೆದ ವರ್ಷ ಗಿರಿಧರನ ಕಣ್ಣು ಸ್ವಲ್ಪ ಹಿಂದೆ ಬಿತ್ತು. ಪೈಪಿನೊಳಗಿನ ಬರೀ ನೀರಿನ ಅಂಚು ಎಲ್ಲಿದೆಯೆಂದು ಸರಿಯಾಗಿ ಕಾಣಲಿಲ್ಲ. ನೀರಿಗೆ ಬಣ್ಣ ಬೇಕು. ಬೇರೆ ಊರಿನವನಾಗಿದ್ದರೆ ಶಾಯಿ ಹಾಕುತ್ತಿದ್ದನೋ, ಕುಂಕುಮ ಹಾಕುತ್ತಿದ್ದನೋ. ಅಡಿಕೆಯ ನಾಡಿನವನ ಕೈ ತಾನಾಗಿ ಹೋಗುವುದು ಮೈಲುತುತ್ತಿನ ಕಡೆಗೆ. ಕೊಳೆರೋಗದ ಮದ್ದಿಗೆಂದು ಗೋಣಿಯಲ್ಲಿ ಕಟ್ಟಿ ಇಳಿಬಿಟ್ಟು ಕರಗಿಸಿದ ಗಟ್ಟಿ ನೀಲಿ ನೀರು ಅಂಗಡಿಯ ಹಿಂದಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಉಳಿದಿತ್ತು. ಅದನ್ನೇ ಒಂದು ಲೋಟ ತಂದು ಪೈಪಿಗೆ ಹೊಯ್ದ. ನವಿಲಿನ ಕತ್ತಿನಂಥ ಬಣ್ಣ. ಅಂಚು ಗೆರೆ ಎಳೆದಷ್ಟು ಸ್ಪಷ್ಟ. ಆರು ಸೆಂಟಿಮೀಟರಿಗೆ ಒತ್ತಿ ನೋಡಿದರೆ ಮುಳ್ಳು ಅರುವತ್ತೈದರಲ್ಲಿ ನಿಂತಿತ್ತು. ಹಿಂದೆಂದೂ ಇಷ್ಟು ತಪ್ಪಿರಲಿಲ್ಲ. ಮೂರು ಸಲ ನೋಡಿದ, ಮೂರು ಸಲವೂ ಅಷ್ಟೇ. ಮಳೆಗಾಲದ ತೇವಕ್ಕೆ ಸ್ಪ್ರಿಂಗ್ ಸೋತಿದೆಯೆಂದು ತೀರ್ಮಾನಿಸಿ, ಸ್ಕ್ರೂ ತಿರುಗಿಸಿ ಮುಳ್ಳನ್ನು ಅರುವತ್ತಕ್ಕೆ ತಂದ. ಐದು ನಾಟಿನ ತಪ್ಪು ಹಿಡಿದೆನೆಂದು ಅಂದು ರಾತ್ರಿ ಊಟಕ್ಕೆ ಎರಡು ಹೋಳಿಗೆ ಜಾಸ್ತಿ ಹೋಯಿತು.

ಋತುವಿನ ಮೊದಲ ಹಾರಾಟ ಮುಗಿಸಿ ಕೃಷ್ಣಮೋಹನ ಅಂಗಡಿಗೆ ಬಂದವನು, ಮುಳ್ಳು ಹೇಗುಂಟು ಎಂದು ಗಿರಿಧರ ಕೇಳಿದ್ದಕ್ಕೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಉಂಟು ಎಂದ. ಎಡರೆಕ್ಕೆಯ ಬಟ್ಟೆ ಸ್ವಲ್ಪ ಹರಿದಿದೆ, ಜತ್ತಪ್ಪರ ದನ ಬಂದು ಕೊಂಬು ಹಾಕಿದ್ದು ಎಂದೂ ಸೇರಿಸಿದ. ಮುಂದಿನ ಭಾನುವಾರ ಗಿರಿಧರ ಪದವಿಗೆ ಹೋಗಿ, ಗೇರುತೋಟದಲ್ಲಿ ಕಟ್ಟದೆ ಬಿಟ್ಟ ದನದಿಂದ ವಿಮಾನಯಾನಕ್ಕೆ ಒದಗುವ ಅಪಾಯಗಳ ಕುರಿತು ಜತ್ತಪ್ಪರಿಗೆ ಸಾಕಷ್ಟು ಉದ್ದದ ಉಪನ್ಯಾಸ ಕೊಟ್ಟ. ಜತ್ತಪ್ಪ ತಲೆ ತಗ್ಗಿಸಿ, ತಪ್ಪು ನಂದೇ ಉಟ್ಟು ಎಂದು ಅರೆಭಾಷೆಯಲ್ಲಿ ಒಪ್ಪಿಕೊಂಡರು. ನಿಝಾಮ ಇಂಜಿನಿನೊಳಗೆ ತಲೆ ಹಾಕಿ ಬಹಳ ಹೊತ್ತು ಹೊರಗೆ ತೆಗೆಯಲಿಲ್ಲ.

ಜನವರಿಯಲ್ಲಿ ನರಿಮೊಗರಿನ ಯುವಕ ಮಂಡಲದವರ ವಾರ್ಷಿಕೋತ್ಸವ. ನಮ್ಮ ಕಡೆ ಸನ್ಮಾನ ತಪ್ಪಿಸಿಕೊಳ್ಳುವುದು ಸೊಳ್ಳೆ ತಪ್ಪಿಸಿಕೊಂಡಷ್ಟೇ ಕಷ್ಟ, ಗಿರಿಧರನಿಗೂ ಕಚ್ಚಿತು. ಶಾಲು, ಪೇಟ, ಹಣ್ಣಿನ ಬುಟ್ಟಿ. ಅಭಿನಂದನೆಯ ಮಾತು ಕೃಷ್ಣಮೋಹನನದು. ಅವನು ಮೈಕಿನೆದುರು ನಿಂತು ಗೆಳೆಯನ ಹೆಗಲ ಮೇಲೆ ಕೈಯಿಟ್ಟು ಹೇಳಿದ:

“ಎಲ್ಲರೂ ಕೇಳ್ತಾರೆ, ಕೃಷ್ಣಮೋಹನ, ನೀನು ಎಂತ ಧೈರ್ಯದಲ್ಲಿ ಗಾಳಿಯಲ್ಲಿ ಹಾರುದು ಅಂತ. ನಾನು ಗಾಳಿಯಲ್ಲಿ ಹಾರುದಲ್ಲ ಮಾರಾಯ್ರೆ. ಗಿರಿಧರನ ಮಾತಿನಲ್ಲಿ ಹಾರುದು.”

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಜತ್ತಪ್ಪ ಚಪ್ಪಾಳೆ ಹೊಡೆದರು, ಹಿಂದಿನ ಸಾಲಿನಿಂದ ನಿಝಾಮ ಸೀಟಿ ಹೊಡೆದ. ಗಿರಿಧರನ ಕಣ್ಣು ಒದ್ದೆಯಾಯಿತು. ಪರಮೇಶ್ವರಿ ಮಾತ್ರ ಅದೇ ಹೊತ್ತಿಗೆ ಸೀರೆಯ ಸೆರಗಿನಲ್ಲಿ ಏನೋ ಹುಡುಕುತ್ತಿದ್ದಳು.

ಫೆಬ್ರವರಿಯಲ್ಲಿ ಒಂದು ಬುಧವಾರ ಗಿರಿಧರ ಅಂಗಡಿಗೆ ಬಾಗಿಲು ಹಾಕಿ ಪದವಿಗೆ ಹೋದ. ಎಂದೂ ಭಾನುವಾರ ಬಿಟ್ಟು ಹೋಗುವವನಲ್ಲ. ಬಿಸಿಲು ಏರಿದ ಹಾಗೆ ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಎಲ್ಲಿ ತೂತು ಕಂಡರೂ ಅಲ್ಲಿ ಮನೆ ಮಾಡುವ ಚಪಲ. ವಿಮಾನದ ಗಾಳಿಕೊಳವೆಗೆ ಟೊಪ್ಪಿ ಹಾಕದಿದ್ದರೆ ಅದು ಕಣಜದ ಹೆರಿಗೆ ಆಸ್ಪತ್ರೆಯಾಗುತ್ತದೆ. ಹಳೆಯ ಟೊಪ್ಪಿ ಹರಿದಿದೆಯೆಂದು ಹೊಸದೊಂದನ್ನು ಹೊಲಿಸಿ ತಂದಿದ್ದ.

ಶೆಡ್ಡಿನಲ್ಲಿ ನಿಝಾಮ ಒಬ್ಬನೇ ಇದ್ದ. ಗಿರಿಧರನನ್ನು ನೋಡಿದ್ದೇ ವಿಮಾನಕ್ಕೂ ಅವನಿಗೂ ನಡುವೆ ಬಂದು ನಿಂತು, ಚಹಾ ಕುಡಿಯುವ, ಹೊರಗೆ ನೆರಳುಂಟು ಎಂದ. ನಿಝಾಮ ಸಪೂರ ಮನುಷ್ಯ. ಅವನ ಹೆಗಲ ಮೇಲಿಂದ ಒಳಗಿನದ್ದೆಲ್ಲ ಕಾಣುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಗಿರಿಧರನ ಡಯಲಿನ ಕೆಳಗೆ ಕ್ಲ್ಯಾಂಪು ಹಾಕಿ ಕೂರಿಸಿದ ಇನ್ನೊಂದು ಡಯಲು. ಹೊಚ್ಚ ಹೊಸತು.

“ಅದು ಎಂತದು ನಿಝಾಮ?”

“ಅದಾ... ಅದು ಪೆಟ್ರೋಲಿಂದು.”

“ಪೆಟ್ರೋಲು ನಾಟಿನಲ್ಲಿ ಅಳೆಯುದಾ ಈಗ?”

ನಿಝಾಮ ಕೈಯ ಗ್ರೀಸನ್ನು ಬಟ್ಟೆಗೆ ಒರಸಿದ, ಬಟ್ಟೆಯ ಗ್ರೀಸನ್ನು ಪುನಃ ಕೈಗೆ ಒರಸಿದ. ಆಮೇಲೆ ಹೇಳಿದ. ನವೆಂಬರಿನ ಮೊದಲ ಹಾರಾಟದಲ್ಲಿ ವಿಮಾನ ಇಳಿಯಲೇ ಇಲ್ಲವಂತೆ. ಮುಳ್ಳು ಇಳಿಯುವ ವೇಗ ತೋರಿಸುತ್ತಿದೆ, ವಿಮಾನ ಮಾತ್ರ ತೇಲುತ್ತಿದೆ. ಬಯಲು ಮುಗಿದು ಗೇರಿನ ಪೊದೆಗೆ ನುಗ್ಗಿದ ಮೇಲೆ ನಿಂತಿತು. ರೆಕ್ಕೆ ಹರಿದದ್ದು ಅಲ್ಲಿ.

“ಜತ್ತಪ್ಪರ ದನ?”

“ಜತ್ತಪ್ಪರ ದನಕ್ಕೆ ಕೊಂಬೇ ಇಲ್ಲ ಗಿರಿಯಣ್ಣ.”

ಅಂದರೆ ಜತ್ತಪ್ಪರಿಗೂ ಗೊತ್ತಿತ್ತು. ಕೊಂಬಿಲ್ಲದ ದನದ ಪರವಾಗಿ ಅವರು ಕ್ಷಮೆ ಕೇಳಿದ್ದರು. ಭಾನುವಾರಗಳಂದು ಗಿರಿಧರ ಬರುವ ಮೊದಲು ಎರಡನೇ ಡಯಲನ್ನು ಬಿಚ್ಚಿ ಟೂಲ್ ಬಾಕ್ಸಿಗೆ ಹಾಕುವುದು, ಅವನು ಹೋದ ಮೇಲೆ ತಿರುಗಿ ಕೂರಿಸುವುದು ನಿಝಾಮನ ಕೆಲಸವಂತೆ. ಇದು ಕೃಷ್ಣಮೋಹನಣ್ಣನ ಆರ್ಡರು, ನಿಮಗೆ ಬೇಸರ ಆಗಬಾರದು ಅಂತ, ಎಂದ ನಿಝಾಮ.

ಗಿರಿಧರ ಹೊಸ ಟೊಪ್ಪಿಯನ್ನು ಕೊಳವೆಗೆ ಹಾಕಿದ. ತಲೆಯೊಳಗೆ ಜನವರಿಯ ಚಪ್ಪಾಳೆ ಕೇಳಿಸುತ್ತಿತ್ತು. ಯಾರು ಯಾರು ಎಷ್ಟು ಜೋರಾಗಿ ಹೊಡೆದರೆಂದು ಈಗ ಅವನಿಗೆ ಬೇರೆಯೇ ರೀತಿಯಲ್ಲಿ ನೆನಪಾಯಿತು. ಎರಡೂ ಡಯಲುಗಳನ್ನು ಬಿಚ್ಚಿಕೊಡು ಎಂದ. ನಿಝಾಮ ಬಿಚ್ಚಿಕೊಟ್ಟ.

ಮನೆಗೆ ಬಂದವನು ಡಯಲುಗಳನ್ನು ಊಟದ ಮೇಜಿನ ಮೇಲೆ ಇಟ್ಟಾಗ, ಮಧ್ಯಾಹ್ನದ ಊಟಕ್ಕೆ ಶಾಲೆಯಿಂದ ಬಂದಿದ್ದ ಪರಮೇಶ್ವರಿ ಇದೇನು ಎಂದು ಕೇಳಲಿಲ್ಲ. ಕೇಳದಿದ್ದುದೇ ಉತ್ತರವಾಯಿತು. ಮದುವೆಯಾದ ದಿನದಿಂದ ಅವಳು ಮೇಜಿನ ಮೇಲೆ ಕಬ್ಬಿಣದ ಸಾಮಾನು ಇಟ್ಟರೆ ಕೇಳದೆ ಬಿಟ್ಟವಳಲ್ಲ.

“ನಿನಗೂ ಗೊತ್ತುಂಟಾ?”

“ಮೋಹನಣ್ಣ ಹೇಳಿದ್ರು. ಹೇಳ್ಬೇಡಿ ಅಂತಲೂ ಹೇಳಿದ್ರು.”

“ನೀನು ಹೇಳ್ಲಿಲ್ಲ.”

“ನಿಮಗೆ ತಪ್ಪು ಅಂತ ಹೇಳಿ ಅಭ್ಯಾಸ ಇಲ್ಲ ನಮಗೆ ಯಾರಿಗೂ,” ಎಂದಳು ಪರಮೇಶ್ವರಿ. ಕುಟುಕುವ ದನಿಯಲ್ಲ; ಅನ್ನ ಆಗಿದೆ ಎನ್ನುವ ದನಿ.

ಗಿರಿಧರ ಉಣ್ಣಲಿಲ್ಲ. ಅವನಿಗೆ ಆಗ ಬೇಕಾದದ್ದು ಒಂದೇ: ತಾನು ಸರಿ ಎಂದು ಗೊತ್ತಾಗಬೇಕು. ತಾನು ಸರಿಯಾಗಿದ್ದರೆ ಕೃಷ್ಣಮೋಹನ ಬರೀ ದ್ರೋಹಿಯಲ್ಲ, ಮೂರ್ಖನೂ ಹೌದು. ಮೂರ್ಖನ ದ್ರೋಹವನ್ನು ಹೇಗಾದರೂ ನುಂಗಬಹುದು. ಅಂಗಡಿಗೆ ಹೋಗಿ, ಡ್ರಿಪ್ಪಿನ ಪೈಪು ಕವಲೊಡೆಯುವಲ್ಲಿ ಹಾಕುವ ತುಂಡೊಂದನ್ನು ಸಿಕ್ಕಿಸಿ ಎರಡು ಡಯಲುಗಳನ್ನೂ ಒಂದೇ ಪೈಪಿಗೆ ಜೋಡಿಸಿದ. ನೀಲಿ ನೀರನ್ನು ಆರು ಸೆಂಟಿಮೀಟರಿಗೆ ಒತ್ತಿದ. ತನ್ನದು ಅರುವತ್ತು. ಹೊಸತು ಅರುವತ್ತೈದು.

ತಾನೇ ಸರಿ. ಗಿರಿಧರ ಸ್ಟೂಲಿನಲ್ಲಿ ಹಿಂದಕ್ಕೆ ಒರಗಿ ದೊಡ್ಡ ಉಸಿರು ಬಿಟ್ಟ. ಇದನ್ನು ಕೃಷ್ಣಮೋಹನನ ಎದುರೇ ಮಾಡಿ ತೋರಿಸಬೇಕು. ತೋರಿಸುವಾಗ ಪೈಪು ಕೊಳಕಾಗಿರಬಾರದು. ಒಳಗೆ ನೀಲಿ ಹರಳುಗಟ್ಟಲು ಶುರುವಾಗಿತ್ತು. ತೊಳೆದು, ಬಾವಿಯ ಬರೀ ನೀರು ತುಂಬಿಸಿ, ಕನ್ನಡಕದ ಮೇಲೊಂದು ಭೂತಕನ್ನಡಿ ಹಿಡಿದು, ಸುಮ್ಮನೆ ಇನ್ನೊಮ್ಮೆ ಒತ್ತಿ ನೋಡಿದ.

ಆರು ಸೆಂಟಿಮೀಟರ್. ಹೊಸ ಡಯಲು ಅರುವತ್ತು. ತನ್ನದು ಐವತ್ತೈದು.

ಸಿರಿಂಜು ಬಿಟ್ಟು ಪುನಃ ಒತ್ತಿದ. ಅಷ್ಟೇ. ಆಮೇಲೆ ಎರಡು ಒಂದೇ ಥರದ ಬಾಟಲಿ ತೆಗೆದು ಒಂದಕ್ಕೆ ನೀರು, ಇನ್ನೊಂದಕ್ಕೆ ಡ್ರಮ್ಮಿನ ನೀಲಿ ನೀರು ತುಂಬಿಸಿ ತಕ್ಕಡಿಯಲ್ಲಿಟ್ಟ. ನೀಲಿಯ ಕಡೆ ಧಡಕ್ಕನೆ ಕೆಳಗೆ ಹೋಯಿತು. ಅದರೊಳಗೆ ಕರಗಿದ್ದುದು ಬಣ್ಣವಲ್ಲ, ತಾಮ್ರದ ಉಪ್ಪು. ಭಾರದ ನೀರನ್ನು ಆರು ಸೆಂಟಿಮೀಟರ್ ಎತ್ತಲು ಹೆಚ್ಚು ಒತ್ತಡ ಬೇಕು. ಆ ಹೆಚ್ಚಿನ ಒತ್ತಡಕ್ಕೆ ಮುಳ್ಳು ಪ್ರಾಮಾಣಿಕವಾಗಿ ಅರುವತ್ತೈದು ತೋರಿಸಿತ್ತು. ಸರಿ ಹೇಳಿದ ಮುಳ್ಳಿನ ಕಿವಿ ಹಿಂಡಿ ಸುಳ್ಳು ಕಲಿಸಿದವನು ಗಿರಿಧರ. ವರ್ಷವಿಡೀ ಮೈಲುತುತ್ತು ಮಾರುವವನು, ಆ ಡ್ರಮ್ಮನ್ನು ಎಷ್ಟೋ ಸಲ ಸರಿಸಿ ಸೊಂಟ ಹಿಡಿಸಿಕೊಂಡವನು. ಊರಿನ ಅಡಿಕೆಗೆಲ್ಲ ಹಾಕುವ ಮದ್ದನ್ನು ಗೆಳೆಯನಿಗೂ ಹಾಕಿಬಿಟ್ಟಿದ್ದ.

ತಪ್ಪು ತನ್ನದೆಂದು ಗೊತ್ತಾದರೆ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ, ಕೂರಲು ಜಾಗ ಸಿಗದೆ ನಿಂತೇ ಇತ್ತು. ಸರಿಯಾಗಿದ್ದಿದ್ದರೆ ಕೂಗಾಡಬಹುದಿತ್ತು. ಈಗ ಅದೂ ಇಲ್ಲ.

ಸಂಜೆ ಕೃಷ್ಣಮೋಹನ ತಾನಾಗಿಯೇ ಅಂಗಡಿಗೆ ಬಂದ. ನಿಝಾಮ ಫೋನು ಮಾಡಿದ್ದ. ಗಿರಿಧರ ನೀಲಿ ನೀರಿನ ಕತೆಯನ್ನು ಒಂದು ಅಕ್ಷರ ಬಿಡದೆ ಹೇಳಿದ, ತಕ್ಕಡಿಯನ್ನೂ ತೋರಿಸಿದ. ಕೃಷ್ಣಮೋಹನ ತನ್ನ ಕತೆ ಹೇಳಿದ. ಗೇರಿನ ಪೊದೆಗೆ ನುಗ್ಗಿದ ಮರುದಿನ ಅವನು ರೆಕ್ಕೆಗೆ ತೇಪೆ ಹಾಕಿಸಿ, ಫೋನಿನ ಜಿಪಿಎಸ್ ಇಟ್ಟುಕೊಂಡು ಹಾರಿ, ಗಾಳಿಯ ಜೊತೆಗೊಮ್ಮೆ ಎದುರಿಗೊಮ್ಮೆ ಹೋಗಿ ಎರಡರ ಸರಾಸರಿ ತೆಗೆದಿದ್ದ. ಕುಮಾರಧಾರೆ ಹೊಳೆಯಲ್ಲಿ ದೋಣಿಯವನು ಹರಿವಿನ ಜೊತೆ ಹೋಗುವಾಗ ದಡದವನಿಗೆ ಜೋರಾಗಿ ಹೋಗುವಂತೆ ಕಾಣುತ್ತಾನೆ, ತಿರುಗಿ ಬರುವಾಗ ನಿಧಾನ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ದೋಣಿಯ ನಿಜವಾದ ವೇಗ ಸಿಕ್ಕಿಬಿಡುತ್ತದೆ. ಹಾಗೆ ನೋಡಿದಾಗ ಮುಳ್ಳು ಐದು ನಾಟ್ ಕಡಿಮೆ ಹೇಳುತ್ತಿತ್ತು. ಹೊಸ ಡಯಲು ತರಿಸಿದ.

“ಒಳ್ಳೇದೇ ಮಾಡಿದ್ದಿ,” ಎಂದ ಗಿರಿಧರ. “ನನಗೆ ಒಂದು ಮಾತು ಹೇಳಿದ್ದರೆ ಅದೇ ದಿನ ನೀಲಿ ನೀರು ಚೆಲ್ಲುತ್ತಿದ್ದೆ.”

“ನಿನಗೆ ಬೇಸರ ಆಗ್ತಿತ್ತು ಮಾರಾಯ.”

“ಆಗ್ತಿತ್ತು. ಒಂದು ವಾರ. ಈಗ ಎಷ್ಟು ವಾರ ಅಂತ ನೀನೇ ಹೇಳು.”

ಕೃಷ್ಣಮೋಹನ ಒಂದು ಸ್ಪ್ರೇಯರ್ ಗನ್ನನ್ನು ಕೈಗೆತ್ತಿಕೊಂಡು ಅದರ ಮೂತಿ ನೋಡುತ್ತಾ ಕೂತ.

“ಗೇರಿನ ಪೊದೆಗೆ ಹೋದದ್ದು ನನ್ನಿಂದ,” ಎಂದ ಗಿರಿಧರ. “ನಿನ್ನ ಕಾಲು ಮುರಿದಿದ್ದರೂ ನನ್ನಿಂದಲೇ. ಅದಕ್ಕೆ ಬೈಬೇಕಿತ್ತು ನೀನು. ನೀನು ಶಾಲು ಹೊದಿಸಿದ್ದು. ಆ ಮೈಕಿನಲ್ಲಿ ಹೇಳಿದೆಯಲ್ಲ, ಅದು ಯಾರಿಗೆ?”

“ಅದು... ಮೊದಲೇ ಒಪ್ಪಿಕೊಂಡಾಗಿತ್ತು ಮಂಡಲದವರಿಗೆ.”

“ನಿನ್ನ ನಾಲಗೆಯೊಂದು ಕಡೆ, ಕಣ್ಣೊಂದು ಕಡೆ. ಊರಿಡೀ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ಶಾಲೆಯಲ್ಲಿ ಬೆನ್ನಿಗೆ ಚೀಟಿ ಅಂಟಿಸಿ ಬಿಡ್ತಿದ್ದರಲ್ಲ, ಹಾಗೆ ತಿರುಗಿದ್ದೇನೆ ನಾನು, ಶಾಲು ಹೊದ್ದುಕೊಂಡು.”

ಕೃಷ್ಣಮೋಹನ ತಪ್ಪಾಯಿತು ಎಂದ. ಅವನು ಹೇಳಿದ್ದರಲ್ಲಿ ಕಪಟವಿರಲಿಲ್ಲ. ಕಣ್ಣಿನಲ್ಲಿ ನೀರೂ ಬಂತು. ಗಿರಿಧರನಿಗೆ ಅದು ಕಾಣಿಸಿತು. ಅವನು ಬರೀ ನೀರಿಟ್ಟು ಗೆಳೆಯನ ಎದುರೇ ತನ್ನ ಡಯಲಿನ ಸ್ಕ್ರೂ ತಿರುಗಿಸಿ ಸರಿಮಾಡಿದ. ಎರಡೂ ಡಯಲು ಒಟ್ಟಿಗೆ ಅರುವತ್ತು, ಒಟ್ಟಿಗೆ ಐವತ್ತು, ಒಟ್ಟಿಗೆ ನಲುವತ್ತು. ಆಮೇಲೆ ಯಾರೂ ನಿರೀಕ್ಷಿಸದ ಮಾತು ಹೇಳಿದ: ನಾಳೆ ಬೆಳಗ್ಗೆ ನಾನೂ ವಿಮಾನ ಹತ್ತುತ್ತೇನೆ. ಎರಡನೇ ಡಯಲು ಬೇಡ. ಇದೊಂದರಲ್ಲೇ ಏರುವುದು, ಇದೊಂದರಲ್ಲೇ ಇಳಿಯುವುದು. ನನ್ನ ತಪ್ಪಿಗೆ ಪ್ರಾಯಶ್ಚಿತ್ತವಾಗಿ ನನ್ನ ಹೊಟ್ಟೆಯನ್ನೂ ಜೀವವನ್ನೂ ಅದೇ ಮುಳ್ಳಿನ ಮೇಲೆ ಇಡುತ್ತೇನೆ, ನೀನೂ ಇಡು. ಅಷ್ಟಾದರೆ ಹಿಂದಿನದ್ದೆಲ್ಲ ಮುಗಿಯಿತು.

“ಮುಗೀತು,” ಎಂದ ಕೃಷ್ಣಮೋಹನ, ಕೈ ಹಿಡಿದುಕೊಂಡು. “ನಿನ್ನ ಮಾತೇ ಮಾತು.”

ಬೆಳಗ್ಗೆ ಗಾಳಿಯೇ ಇರಲಿಲ್ಲ. ಪದವಿನ ಒಣ ಹುಲ್ಲು ನಿಂತಲ್ಲೇ ನಿಂತಿತ್ತು. ನಿಝಾಮ ಗಿರಿಧರನ ಡಯಲನ್ನು ಕೂರಿಸಿ, ಹೊಸತನ್ನು ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿ ಟೂಲ್ ಬಾಕ್ಸಿನಲ್ಲಿಟ್ಟ. ಜತ್ತಪ್ಪ ಒಂದು ತುಂಡು ಶುಂಠಿ ತಂದುಕೊಟ್ಟರು. ಅದನ್ನು ಕಚ್ಚಿಕೊಂಡು, ಬೆಲ್ಟಿನ ಮೇಲೆ ಬೆಲ್ಟು ಬಿಗಿದುಕೊಂಡು, ಗಿರಿಧರ ಗೆಳೆಯನ ಪಕ್ಕ ಕೂತ. ಇಂಜಿನು ಗದ್ದಲ ಎಬ್ಬಿಸಿತು, ಮುರಕಲ್ಲಿನ ಬಯಲು ಬೆನ್ನಿಗೆ ನಾಲ್ಕು ಗುದ್ದು ಕೊಟ್ಟು ಬಿಟ್ಟುಬಿಟ್ಟಿತು.

ಮೇಲೆ ಹೋದ ಮೇಲೆ ಕೆಳಗೆ ಏನೇನು ಕಂಡಿತೆಂದು ಆಮೇಲೆ ಜನ ಕೇಳಿದಾಗ ಗಿರಿಧರನಿಗೆ ಹೇಳಲು ಏನೂ ಇರಲಿಲ್ಲ. ಅವನು ನೋಡಿದ್ದು ಮುಳ್ಳನ್ನು. ತನ್ನ ಅಂಗಡಿಯ ಹಲಗೆಯ ಮೇಲಲ್ಲದೆ ಬೇರೆಲ್ಲೂ ಅದು ತಿರುಗಿದ್ದನ್ನು ಅವನು ನೋಡಿರಲಿಲ್ಲ. ಎಲ್ಲಿಯೂ ಇಲ್ಲದ ಗಾಳಿ, ಮೂತಿ ಚಾಚಿದ ಕೊಳವೆಯೊಳಗೆ ಹೊಕ್ಕು ಇಲ್ಲಿ ಅರುವತ್ತೆರಡು ಎಂದು ಹೇಳುತ್ತಿತ್ತು. ಹೊಟ್ಟೆ ತಕರಾರು ತೆಗೆಯಲಿಲ್ಲ. ಸ್ವಲ್ಪ ಹೊತ್ತು ಅವನಿಗೆ ಎಲ್ಲವೂ ಸರಿಹೋಯಿತು ಅನ್ನಿಸಿತು. ಮೋಹನ ಮುಳ್ಳು ನೋಡುತ್ತಿದ್ದಾನೆ, ನನ್ನ ಮುಳ್ಳು, ಅದೊಂದನ್ನೇ.

ಇಳಿಯಲು ತಿರುಗಿದಾಗ ಕೃಷ್ಣಮೋಹನ ಅಂಗಿಯ ಎಡತೋಳನ್ನು ಸ್ವಲ್ಪ ಮೇಲಕ್ಕೆ ಸರಿಸಿ ಕೈಗಡಿಯಾರ ನೋಡಿದ. ಹೊತ್ತಾಯಿತೇನೋ ಎಂದುಕೊಂಡ ಗಿರಿಧರ. ಗೇರುಮರಗಳ ತಲೆ ದಾಟುವಾಗ ಇನ್ನೊಮ್ಮೆ ನೋಡಿದ. ನೆಲ ಹತ್ತಿರವಾಗುವಾಗ ಮನುಷ್ಯ ಹೊತ್ತು ನೋಡುವುದಿಲ್ಲ. ಗಿರಿಧರ ಕತ್ತು ಚಾಚಿದ. ಆ ಗಡಿಯಾರದಲ್ಲಿ ಗಂಟೆಯಿರಲಿಲ್ಲ, ಜಿಪಿಎಸ್ಸಿನ ವೇಗವಿತ್ತು. ದೊಡ್ಡ ಅಂಕಿಯಲ್ಲಿ ಐವತ್ತೊಂದು ಎಂದಿತ್ತು, ಅದು ಐವತ್ತಾಯಿತು. ಡ್ಯಾಶ್‌ಬೋರ್ಡಿನ ಮುಳ್ಳೂ ಐವತ್ತರಲ್ಲಿತ್ತು.

ವಿಮಾನ ಬಯಲಿನ ಮೊದಲ ಭಾಗದಲ್ಲೇ ಮೆತ್ತಗೆ ಕೂತಿತು, ಅರ್ಧ ಬಯಲು ಬಾಕಿಯಿರುವಾಗ ನಿಂತಿತು. ಇಂಜಿನು ಆರಿದ ಮೇಲೆ ಕೃಷ್ಣಮೋಹನ ಹೆಡ್‌ಫೋನು ಕಳಚಿ, ಮುಖ ತುಂಬಾ ನಗುತ್ತಾ ಗೆಳೆಯನ ತೊಡೆಗೆ ಒಂದು ಪೆಟ್ಟು ಕೊಟ್ಟ.

“ನಿಂದು ಪಕ್ಕಾ ಸರಿ ಉಂಟು ಮಾರಾಯ. ಕೂದಲೆಳೆ ವ್ಯತ್ಯಾಸ ಇಲ್ಲ.”

“ಯಾವುದಕ್ಕೂ ಯಾವುದಕ್ಕೂ ನಡುವೆ ವ್ಯತ್ಯಾಸ ಇಲ್ಲ?” ಎಂದು ಕೇಳಿದ ಗಿರಿಧರ.

ಕೃಷ್ಣಮೋಹನ ಮೆಲ್ಲನೆ ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡ. ಅತ್ತ ಕಡೆಯಿಂದ ನಿಝಾಮನೂ ಜತ್ತಪ್ಪರೂ ಚಪ್ಪಾಳೆ ಹೊಡೆಯುತ್ತಾ ಓಡಿಬರುತ್ತಿ‌ದ್ದರು. ಗಿರಿಧರ ಬೆಲ್ಟುಗಳನ್ನು ಒಂದೊಂದಾಗಿ ಬಿಚ್ಚಿದ.

“ಜೀವದ ವಿಷಯ ಅಲ್ವಾ,” ಎಂದ ಕೃಷ್ಣಮೋಹನ ಸಣ್ಣ ದನಿಯಲ್ಲಿ.

“ಹೌದು,” ಎಂದ ಗಿರಿಧರ. “ನೋಡಬೇಕಾದ್ದೇ. ಬಾಯಲ್ಲಿ ಮಾತ್ರ ಮುಗೀತು ಅನ್ಬೇಡ ಇನ್ನು.”

ಜಗಳವಾಗಲಿಲ್ಲ. ಮಾತು ಬಿಟ್ಟವರೂ ಅಲ್ಲ. ಮದುವೆ ಮುಂಜಿಗಳಲ್ಲಿ ಪಕ್ಕಪಕ್ಕದ ಎಲೆಯಲ್ಲೇ ಉಣ್ಣುತ್ತಾರೆ. ಮನೆಯಲ್ಲಿ ಪರಮೇಶ್ವರಿ ಈಗ ಗಂಡನ ಎದುರೇ ಉಪ್ಪು ಹಾಕುತ್ತಾಳೆ. ಅವನು ನೋಡಿಯೂ ಸುಮ್ಮನಿರುತ್ತಾನೆ; ಆ ಮೌನ ಅವಳಿಗೆ ಅಷ್ಟು ರುಚಿಸುವುದಿಲ್ಲ. ಬ್ಯಾಂಕಿನ ಗಡಿಯಾರ ಪುನಃ ಮುಂದೆ ಓಡುತ್ತಿದೆಯೆಂದು ಕೇಳಿದ್ದೇನೆ, ಯಾರೂ ಅದರ ಸುದ್ದಿಗೆ ಹೋಗಿಲ್ಲ.

ಈ ಸಲ ಮಳೆ ಬಿಟ್ಟ ಮೇಲೆ ಕೃಷ್ಣಮೋಹನ ಎಂದಿನಂತೆ ಡಯಲು ಹಿಡಿದುಕೊಂಡು ಕಬಕಕ್ಕೆ ಬಂದ. ಗಿರಿಧರ ಬೇಡವೆನ್ನಲಿಲ್ಲ. ಪೈಪಿಗೆ ಬರೀ ನೀರು ತುಂಬಿಸಿದ, ಡಯಲು ಜೋಡಿಸಿದ. ಆಮೇಲೆ ತಾನು ಕೂರುವ ಸ್ಟೂಲನ್ನು ಹಲಗೆಯ ಎದುರಿಗೆ ಸರಿಸಿ, ಗೆಳೆಯನನ್ನು ಅದರಲ್ಲಿ ಕೂರಿಸಿ, ಕೈಗೆ ಭೂತಕನ್ನಡಿ ಕೊಟ್ಟ. ಸಿರಿಂಜು ಹಿಡಿದುಕೊಂಡು ತಾನು ಹಲಗೆಯ ಹಿಂದೆ, ನೀರು ಕಾಣದ ಕಡೆ ನಿಂತ.

“ನಾನು ಒತ್ತುತ್ತೇನೆ,” ಎಂದ. “ಎಷ್ಟು ಉಂಟು ಅಂತ ನೀನೇ ನೋಡಿ ಹೇಳು.”

“ನೀನು ನೋಡುದಿಲ್ವಾ?”

“ಸರಿ ಉಂಟಾ ಇಲ್ವಾ ಅಂತ ನಾನು ಹೇಳುದು ನಿಲ್ಲಿಸಿದ್ದೇನೆ.”

ಕೃಷ್ಣಮೋಹನ ಬಹಳ ಹೊತ್ತು ಭೂತಕನ್ನಡಿಯೊಳಗೆ ಕಣ್ಣಿಟ್ಟು ಕೂತ. ಆರು, ಎಂದ ಕೊನೆಗೆ, ಮುಳ್ಳು ಅರುವತ್ತು. ಎಂದವನು ತಲೆಯೆತ್ತಿ, ಹೌದೆನ್ನುವನೇನೋ ಎಂದು ಗಿರಿಧರನ ಮುಖ ನೋಡಿದ. ಗಿರಿಧರ ರಸ್ತೆಯಲ್ಲಿ ತಿರುಗುತ್ತಿದ್ದ ವಿಟ್ಲದ ಬಸ್ಸನ್ನು ನೋಡುತ್ತಾ ಸಿರಿಂಜನ್ನು ಹಾಗೆಯೇ ಹಿಡಿದುಕೊಂಡು ನಿಂತಿದ್ದ.